ಬೆಲ್ಲದ ಅಚ್ಚಿಗೂ ಒಂದು ಹೊಗೆಯ ಲೆಕ್ಕ: ನಿಡಘಟ್ಟದ ಕಬ್ಬಿನ ಗದ್ದೆಯಿಂದ ಕಂಪೆನಿಯ ವರದಿಯವರೆಗೆ



ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಬಲಿಪೂಜೆ ಮುಗಿದ ಮೇಲೆ ನಮ್ಮ ಮಕ್ಕಳ ಕೈಗೆ ಕಬ್ಬಿನ ಜಲ್ಲೆ ಸಿಗುತ್ತದೆ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿದ ನಂತರ ಕರಾವಳಿಯಲ್ಲಿ ಕಬ್ಬು ಎಂದರೆ ಹೆಚ್ಚಾಗಿ ಹಬ್ಬದ ವಸ್ತು ಮಾತ್ರ. ಆದರೆ ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಸುಳ್ಯ, ಮಡಿಕೇರಿ, ಮೈಸೂರು ದಾಟಿ ಮಂಡ್ಯ ಜಿಲ್ಲೆ ಸೇರಿದರೆ ಅದೇ ಕಬ್ಬು ಸಾವಿರಾರು ಕುಟುಂಬಗಳ ಅನ್ನ. ಅಲ್ಲಿಂದ ಬೆಂಗಳೂರಿನ ಕಡೆ ಸಾಗುವಾಗ ಮದ್ದೂರು ತಾಲೂಕಿನ ಅಂಚಿನಲ್ಲಿ ಸಿಗುವ ಊರು ನಿಡಘಟ್ಟ. ಬೆಂಗಳೂರು-ಮೈಸೂರು ದಶಪಥ ರಸ್ತೆಯನ್ನು ಎರಡು ಭಾಗಗಳಾಗಿ ಕಟ್ಟಿದಾಗ ಒಂದು ಭಾಗ ಮುಗಿದು ಇನ್ನೊಂದು ಆರಂಭವಾದದ್ದು ಇಲ್ಲೇ. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿ.ಮೀ., ಅಲ್ಲಿಂದ ಮೈಸೂರಿಗೆ 61 ಕಿ.ಮೀ. ಈ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು.

ಈ ರಸ್ತೆಯಲ್ಲಿ ದಿನವಿಡೀ ಲಾರಿಗಳು ಓಡುತ್ತವೆ. ಒಂದು ಲಾರಿ ಬಿಡುವ ಹೊಗೆ ಯಾರ ಲೆಕ್ಕಕ್ಕೆ ಸೇರಬೇಕು? ಲಾರಿಯ ಮಾಲೀಕರಿಗೋ, ಒಳಗಿರುವ ಸರಕನ್ನು ಕಳುಹಿಸಿದ ಕಾರ್ಖಾನೆಗೋ, ಅದನ್ನು ಕೊಳ್ಳುವ ಬೆಂಗಳೂರಿನ ಅಂಗಡಿಗೋ? ಪ್ರಶ್ನೆ ಸರಳವಾಗಿ ಕಂಡರೂ ಇಂದು ದೊಡ್ಡ ಕಂಪೆನಿಗಳು, ಷೇರು ಮಾರುಕಟ್ಟೆಯ ನಿಯಂತ್ರಕರು, ಯುರೋಪಿನ ಸುಂಕದ ಅಧಿಕಾರಿಗಳು ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಇದಕ್ಕೆ ‘ಪೂರೈಕೆ ಸರಪಳಿಯ ಇಂಗಾಲದ ಲೆಕ್ಕ’ ಎಂದು ಹೆಸರು. ಈ ಲೆಕ್ಕ ಹೇಗೆ ನಡೆಯುತ್ತದೆ, ಅದರಲ್ಲಿ ನಿಡಘಟ್ಟದಂತಹ ಊರಿನ ಒಂದು ಎಕರೆಯ ರೈತನ ಪಾಲೇನು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಮೂರು ಖಾನೆಗಳು

ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪದ್ಧತಿಯ ಹೆಸರು ಜಿಎಚ್‌ಜಿ ಪ್ರೋಟೋಕಾಲ್. ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಮತ್ತು ಉದ್ಯಮಗಳ ಒಂದು ಜಾಗತಿಕ ಮಂಡಳಿ ಸೇರಿ 1998ರಲ್ಲಿ ಈ ಕೆಲಸ ಆರಂಭಿಸಿದವು. ಮೊದಲ ನಿಯಮಾವಳಿ 2001ರಲ್ಲೂ, ತಿದ್ದಿದ ಆವೃತ್ತಿ 2004ರಲ್ಲೂ ಬಂದಿತು. ಇದರ ಪ್ರಕಾರ ಯಾವುದೇ ಸಂಸ್ಥೆಯ ಹೊಗೆಯನ್ನು ಮೂರು ಖಾನೆಗಳಲ್ಲಿ ಬರೆಯಬೇಕು. ಇವುಗಳನ್ನು ಸ್ಕೋಪ್ 1, 2, 3 ಎನ್ನುತ್ತಾರೆ.

ಮದ್ದೂರು ತಾಲೂಕಿನಲ್ಲಿ ಕೆ.ಎಂ. ದೊಡ್ಡಿಯಲ್ಲಿ ಒಂದು, ಕೊಪ್ಪದಲ್ಲಿ ಒಂದು ಸಕ್ಕರೆ ಕಾರ್ಖಾನೆಗಳಿವೆ. ಅಂತಹ ಯಾವುದೋ ಒಂದು ಕಾರ್ಖಾನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಕಾರ್ಖಾನೆಯ ಬಾಯ್ಲರಿನಲ್ಲಿ, ಅದರ ಸ್ವಂತ ಜೀಪು, ಟ್ರ್ಯಾಕ್ಟರುಗಳಲ್ಲಿ ಉರಿಯುವುದೆಲ್ಲ ಮೊದಲ ಖಾನೆ. ಹೊರಗಿನಿಂದ ಕೊಂಡ ವಿದ್ಯುತ್ತಿಗಾಗಿ ಬೇರೆಲ್ಲೋ ಉರಿದ ಕಲ್ಲಿದ್ದಲು ಎರಡನೆಯ ಖಾನೆ. ಕಬ್ಬು ಬೆಳೆದ ಗದ್ದೆ, ಆ ಗದ್ದೆಗೆ ಬಿದ್ದ ಗೊಬ್ಬರ, ಬಾಡಿಗೆ ಲಾರಿ, ಗೋಣಿಚೀಲ, ಕೊನೆಗೆ ಸಕ್ಕರೆ ಬಳಸುವ ತಿಂಡಿ ಕಾರ್ಖಾನೆಯವರೆಗೆ ಗೇಟಿನ ಹೊರಗಿರುವ ಎಲ್ಲವೂ ಮೂರನೆಯ ಖಾನೆ. ಈ ಮೂರನೆಯದಕ್ಕೆ ಪ್ರತ್ಯೇಕ ನಿಯಮಾವಳಿ ಬಂದದ್ದು 2011ರಲ್ಲಿ. ಅದರೊಳಗೆ ಮತ್ತೆ 15 ವಿಭಾಗಗಳಿವೆ.

ಹೀಗೆ ಬರೆದರೆ ಒಂದೇ ಹೊಗೆ ಹಲವರ ಪುಸ್ತಕದಲ್ಲಿ ಬರುತ್ತದಲ್ಲವೇ ಎಂದು ಓದುಗರು ಕೇಳಬಹುದು. ಹೌದು, ಬರುತ್ತದೆ. ಲಾರಿ ಮಾಲೀಕರಿಗೆ ಅದು ಮೊದಲ ಖಾನೆ, ಕಾರ್ಖಾನೆಗೆ ಮೂರನೆಯ ಖಾನೆ. ಒಂದೇ ಮಗುವಿನ ಹೆಸರು ಚರ್ಚಿನ ದಾಖಲೆಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ, ವಾಳೆಯ ಗುರಿಕಾರರ ಪಟ್ಟಿಯಲ್ಲಿ ಇರುತ್ತದೆ. ಮೂರನ್ನೂ ಕೂಡಿಸಿ ಊರಿನಲ್ಲಿ ಮೂರು ಮಕ್ಕಳಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ಮೂರನೆಯ ಖಾನೆ ಇರುವುದು ದೇಶದ ಒಟ್ಟು ಹೊಗೆ ಕೂಡಿಸಲಿಕ್ಕಲ್ಲ. ಯಾರ ಕೈಯಲ್ಲಿ ಎಷ್ಟು ಬದಲಾವಣೆ ಮಾಡುವ ಶಕ್ತಿ ಇದೆ ಎಂದು ತೋರಿಸಲಿಕ್ಕೆ.

ಸಕ್ಕರೆ ಕಾರ್ಖಾನೆಯ ವಿಷಯದಲ್ಲಿ ಒಂದು ವಿಶೇಷವಿದೆ. ಒಂದು ಟನ್ ಕಬ್ಬು ಅರೆದರೆ ಸುಮಾರು 95ರಿಂದ 100 ಕೆ.ಜಿ. ಸಕ್ಕರೆ ಮತ್ತು ಸುಮಾರು 300 ಕೆ.ಜಿ. ಒದ್ದೆ ಸಿಪ್ಪೆ ಸಿಗುತ್ತದೆ. ಬಾಯ್ಲರಿನಲ್ಲಿ ಉರಿಯುವುದು ಹೆಚ್ಚಾಗಿ ಈ ಸಿಪ್ಪೆಯೇ. ಅದರ ಇಂಗಾಲ ಹಿಂದಿನ ವರ್ಷ ಗಾಳಿಯಿಂದಲೇ ಕಬ್ಬಿಗೆ ಬಂದದ್ದು. ಆದ್ದರಿಂದ ಅದನ್ನು ಖಾನೆಗಳ ಹೊರಗೆ ಪ್ರತ್ಯೇಕವಾಗಿ ತೋರಿಸಿದರೆ ಸಾಕು ಎಂಬುದು ನಿಯಮ. ಉಳಿದ ಸಿಪ್ಪೆಯಿಂದ ವಿದ್ಯುತ್ ತಯಾರಿಸಿ ಮಾರುವುದೂ ಉಂಟು. ಹೀಗಾಗಿ ಗೇಟಿನ ಒಳಗಿನ ಲೆಕ್ಕ ಮಾತ್ರ ನೋಡಿದರೆ ಸಕ್ಕರೆ ಕಾರ್ಖಾನೆ ಬಹಳ ಶುದ್ಧವಾಗಿ ಕಾಣುತ್ತದೆ. ಹಾಗಾದರೆ ನಿಜವಾದ ಭಾರ ಎಲ್ಲಿದೆ?

ಒಂದು ಚೀಲ ಯೂರಿಯಾದ ಕಥೆ

ಭಾರ ಇರುವುದು ಗದ್ದೆಯಲ್ಲಿ, ಅದೂ ಕಣ್ಣಿಗೆ ಕಾಣದ ರೂಪದಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆ ನಮ್ಮ ಓದುಗರಿಗೆ ಪರಿಚಿತ. ಹಿಂದೆ ನಾಫ್ತಾದಿಂದ ಯೂರಿಯಾ ತಯಾರಿಸುತ್ತಿದ್ದ ಈ ಕಾರ್ಖಾನೆ, ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. 450 ಕಿ.ಮೀ. ಉದ್ದದ ಆ ಮಾರ್ಗದ ಉದ್ಘಾಟನೆ 2021ರ ಜನವರಿ 5ರಂದು ನಡೆಯಿತು. ಯೂರಿಯಾ ತಯಾರಿಸುವಾಗ ಅನಿಲದಿಂದ ಹೊರಬರುವ ಇಂಗಾಲದ ಡೈಆಕ್ಸೈಡಿನ ಒಂದು ಭಾಗ ಗೊಬ್ಬರದ ಹರಳಿನೊಳಗೇ ಸೇರಿಕೊಳ್ಳುತ್ತದೆ. ಮದ್ದೂರಿನ ಗದ್ದೆಯಲ್ಲಿರಲಿ, ಬೆಳ್ತಂಗಡಿಯ ತೋಟದಲ್ಲಿರಲಿ, ಆ ಹರಳು ಮಣ್ಣಿನಲ್ಲಿ ಕರಗಿದಾಗ ಅದು ಮತ್ತೆ ಗಾಳಿಗೆ ಸೇರುತ್ತದೆ. 45 ಕೆ.ಜಿ.ಯ ಒಂದು ಚೀಲದಿಂದ 33 ಕೆ.ಜಿ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಚೀಲದಲ್ಲಿ ಸುಮಾರು 20.7 ಕೆ.ಜಿ. ಸಾರಜನಕ ಇರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಮಣ್ಣಿನ ಸೂಕ್ಷ್ಮಜೀವಿಗಳಿಂದಾಗಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗುತ್ತದೆ ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಮಂಡಳಿ ಐಪಿಸಿಸಿ 2006ರ ಮಾರ್ಗಸೂಚಿಯಲ್ಲಿ ಹೇಳಿದೆ. ನೂರಕ್ಕೆ ಒಂದು ಎಷ್ಟರ ಮಾತು ಎನ್ನಬೇಡಿ. ಈ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಲೆಕ್ಕ ಮಾಡಿದರೆ ಚೀಲವೊಂದಕ್ಕೆ ಇನ್ನೂ 89 ಕೆ.ಜಿ.ಗೆ ಸಮ. ಎರಡೂ ಕೂಡಿ 122 ಕೆ.ಜಿ. ಕಾರ್ಖಾನೆಯಲ್ಲಿ ಅದನ್ನು ತಯಾರಿಸುವಾಗ ಆದ ಹೊಗೆ ಇದರ ಮೇಲೆ ಬೇರೆ.

ಉದಾಹರಣೆಗೆ, ಒಬ್ಬ ರೈತರು ಒಂದು ಎಕರೆಗೆ 5 ಚೀಲ ಯೂರಿಯಾ ಹಾಕಿ 40 ಟನ್ ಕಬ್ಬು ತೆಗೆದರು ಎಂದುಕೊಳ್ಳೋಣ. ಗದ್ದೆಯಿಂದ ಹೊರಟದ್ದು ಸುಮಾರು 610 ಕೆ.ಜಿ. ಟನ್ ಕಬ್ಬಿಗೆ 15 ಕೆ.ಜಿ.; ಎಲ್ಲವನ್ನೂ ಸಕ್ಕರೆಯ ತಲೆಗೇ ಹಾಕಿದರೆ 50 ಕೆ.ಜಿ.ಯ ಮೂಟೆಗೆ ಸುಮಾರು 8 ಕೆ.ಜಿ. ಈಗ ಹೆದ್ದಾರಿಗೆ ಬನ್ನಿ. ಲೀಟರಿಗೆ 4 ಕಿ.ಮೀ. ಓಡುವ ಲಾರಿ 16 ಟನ್ ಸಕ್ಕರೆ ಹೊತ್ತು 118 ಕಿ.ಮೀ. ಸಾಗಿದರೆ ಸುಮಾರು 30 ಲೀಟರ್ ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಟ್ಟು 80 ಕೆ.ಜಿ. ಎಂದಿಟ್ಟುಕೊಂಡರೂ ಒಂದು ಮೂಟೆಯ ಪಾಲಿಗೆ ಬರುವುದು ಕಾಲು ಕೆ.ಜಿ. ಮಾತ್ರ. ಲಾರಿ ಖಾಲಿ ಮರಳಿದರೆ ಅದು ಹತ್ತಿರ ಹತ್ತಿರ ಇಮ್ಮಡಿಯಾಗಬಹುದು, ಅಷ್ಟೇ.

ನಾವು ಮೂಗು ಮುಚ್ಚಿಕೊಳ್ಳುವುದು ಲಾರಿಯ ಹೊಗೆಗೆ. ಆದರೆ ಅದಕ್ಕಿಂತ ಮೂವತ್ತು ಪಟ್ಟು ದೊಡ್ಡದು ಹಸಿರು ಗದ್ದೆಯಿಂದ ವಾಸನೆಯೂ ಇಲ್ಲದೆ ಹೊರಡುತ್ತದೆ. ಗೇಟಿನ ಒಳಗಷ್ಟೇ ಅಳೆಯುವ ಕಂಪೆನಿಯ ವರದಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಹಾಗೆಂದು ರೈತರನ್ನು ದೂರುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸಕ್ಕರೆಗೆ ಬೆಲೆ ಕಟ್ಟುವವರು ಅವರಲ್ಲ, ಯೂರಿಯಾವನ್ನೇ ಅಗ್ಗವಾಗಿ ಇಟ್ಟ ನೀತಿಯೂ ಅವರದಲ್ಲ.

ಈ ಅಂಕಿಗಳು ತೂಕದ ಕಲ್ಲಿನಂತೆ ನಿಖರವಲ್ಲ. ನೂರಕ್ಕೆ ಒಂದು ಎಂಬುದು ಜಗತ್ತಿನ ಸರಾಸರಿ, 0.3ರಿಂದ 3ರವರೆಗೂ ಇರಬಹುದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ನೀರು ನಿಂತ ಮಣ್ಣಿನಲ್ಲಿ ಒಂದು ಬಗೆ, ಹನಿ ನೀರಾವರಿಯಲ್ಲಿ ಇನ್ನೊಂದು ಬಗೆ. ಭಾರವನ್ನು ಸಕ್ಕರೆಯೊಂದೇ ಹೊರಬೇಕೋ, ಕಾಕಂಬಿಯೂ ವಿದ್ಯುತ್ತೂ ಹಂಚಿಕೊಳ್ಳಬೇಕೋ ಎಂಬ ತಕರಾರು ಬೇರೆ ಇದೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಶುದ್ಧ ಇಂಧನ ಎಂದು ನಾವು ಕೇಳುತ್ತೇವೆ. ಅದು ಕಬ್ಬಿನಿಂದ ಬಂದದ್ದಾದರೆ ಯೂರಿಯಾದ ಒಂದು ಪಾಲು ಅದರ ಹೆಸರಿಗೂ ಬರಬೇಕಲ್ಲವೇ?

ರೂಪಾಯಿಯಿಂದ ಹೊಗೆ ಅಳೆಯುವವರು

ಇಷ್ಟೆಲ್ಲ ಲೆಕ್ಕವನ್ನು ಕಂಪೆನಿಗಳು ನಿಜಕ್ಕೂ ಗದ್ದೆಗೆ ಹೋಗಿ ಮಾಡುತ್ತವೆಯೇ? ಬಹುಪಾಲು ಇಲ್ಲ. ಸುಲಭದ ದಾರಿಯೊಂದಿದೆ. ಈ ವರ್ಷ ಇಷ್ಟು ಲಕ್ಷ ರೂಪಾಯಿಯ ಸಕ್ಕರೆ ಕೊಂಡೆವು, ಲಕ್ಷಕ್ಕೆ ಸರಾಸರಿ ಇಷ್ಟು ಹೊಗೆ ಎಂದು ಗುಣಿಸಿ ಬರೆದುಬಿಡುವುದು. ನಿಯಮಾವಳಿ ಇದಕ್ಕೆ ಅವಕಾಶ ಕೊಟ್ಟಿದೆ. ಆರಂಭದಲ್ಲಿ ಎಲ್ಲಿ ಭಾರ ಹೆಚ್ಚು ಎಂದು ತಿಳಿಯಲು ಇದು ಸಾಕಾಗುತ್ತದೆ ಕೂಡ. ಆದರೆ ಇಲ್ಲೇ ನಿಂತರೆ ಅನ್ಯಾಯವಾಗುತ್ತದೆ. ಗೊಬ್ಬರ ಕಡಿಮೆ ಮಾಡಿ, ತರಗು ಸುಡದೆ ಬೆಳೆದ ಕಬ್ಬಿನ ಬೆಲ್ಲಕ್ಕೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಕೊಂಡರೆ, ರೂಪಾಯಿ ಲೆಕ್ಕದಲ್ಲಿ ಅದರ ಹೊಗೆಯೂ ಹೆಚ್ಚು! ಒಳ್ಳೆಯ ಕೆಲಸ ಮಾಡಿದವರೇ ಪುಸ್ತಕದಲ್ಲಿ ತಪ್ಪಿತಸ್ಥರಾಗಿ ಕಾಣುವ ಪದ್ಧತಿ ಇದು. ಕಿಲೋ ಲೆಕ್ಕ ಇದಕ್ಕಿಂತ ಮೇಲು. ಬೆಳೆದವರಿಂದಲೇ ಕೇಳಿ ತಿಳಿದ ಲೆಕ್ಕ ಎಲ್ಲಕ್ಕಿಂತ ಮೇಲು.

ಬೆಳೆದವರನ್ನು ಕೇಳುವುದೇ ಕಷ್ಟ. ನೀರೆತ್ತುವ ಪಂಪನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದೆ. ಬಹಳಷ್ಟಕ್ಕೆ ಮೀಟರೇ ಇಲ್ಲ. 5 ಎಚ್.ಪಿ. ಪಂಪು ದಿನಕ್ಕೆ ಐದು ಗಂಟೆ ಓಡಿದರೆ ಸುಮಾರು 19 ಯೂನಿಟ್ ಎಂದು ಅಂದಾಜು ಮಾಡಬೇಕಷ್ಟೇ. ಯೂನಿಟ್ಟಿಗೆ ಸುಮಾರು 0.7 ಕೆ.ಜಿ.ಯಂತೆ 13 ಕೆ.ಜಿ. ಹೊಗೆ.

ಇಲ್ಲೊಂದು ಸ್ವಾರಸ್ಯ. ಪಕ್ಕದ ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ್ದರು. ಜಲವಿದ್ಯುತ್ ಪಕ್ಕದಲ್ಲೇ ಇದ್ದರೂ ಮದ್ದೂರಿನ ಪಂಪಿಗೆ ಕಲ್ಲಿದ್ದಲಿನ ಹೊಗೆಯ ಲೆಕ್ಕ ಏಕೆ? ತಂತಿಯ ಜಾಲ ಇಡೀ ದೇಶಕ್ಕೆ ಒಂದೇ ಆದ್ದರಿಂದ. ಎಲ್ಲ ಹಳ್ಳಗಳೂ ಸೇರಿದ ಕೆರೆಯಿಂದ ಒಂದು ಕೊಡ ನೀರು ತೆಗೆದು ಇದು ಯಾವ ಹಳ್ಳದ್ದು ಎಂದು ಹೇಳಲಾಗದು. ಆದ್ದರಿಂದ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುವ ದೇಶದ ಸರಾಸರಿಯನ್ನೇ ಬಳಸುತ್ತಾರೆ.

ಆಲೆಮನೆಗಳ ಮಾತು ಬೇರೆ. ಮಂಡ್ಯದ ಅಚ್ಚು ಬೆಲ್ಲ ಪ್ರಸಿದ್ಧ. ಕೇಂದ್ರ ಸರಕಾರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಈ ಜಿಲ್ಲೆಗೆ ಸಿಕ್ಕಿರುವುದು ಬೆಲ್ಲವೇ. ಕೊಪ್ಪರಿಗೆಯ ಅಡಿಯಲ್ಲಿ ಒಣಗಿದ ಸಿಪ್ಪೆ ಉರಿದರೆ ಕಾರ್ಖಾನೆಗೆ ಇರುವ ವಿನಾಯಿತಿಯೇ ಆಲೆಮನೆಗೂ ಸಲ್ಲಬೇಕು. ಆದರೆ ಮಳೆಗಾಲದಲ್ಲಿ ಸಿಪ್ಪೆ ಒಣಗುವುದಿಲ್ಲ. ಅಂತಹ ಸಮಯ ಹಳೆಯ ಟೈರು, ಪ್ಲಾಸ್ಟಿಕ್ ಉರಿಸುತ್ತಾರೆ ಎಂಬ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ. ಹಾಗಾದರೆ ಲೆಕ್ಕವೇ ಬದಲಾಗುತ್ತದೆ, ಒಲೆಗೆ ಸಿಪ್ಪೆ ಹಾಕುವ ಕೂಲಿಯವರ ಶ್ವಾಸಕೋಶದ ಗತಿಯೂ ಬದಲಾಗುತ್ತದೆ. ಇದನ್ನು ಯಾವ ಕಂಪ್ಯೂಟರ್ ಸರಾಸರಿಯೂ ಹೇಳುವುದಿಲ್ಲ, ಹೋಗಿ ನೋಡಬೇಕು.

ಬಡವರ ಹಸುವಿಗೆ ದಂಡವೇ?

ಮದ್ದೂರಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ಡೈರಿ ಇದೆ. ಹಾಲಿನ ಸರಪಳಿಯಲ್ಲೂ ಇದೇ ಕಥೆ. ಡೈರಿಯ ಯಂತ್ರ, ಟ್ಯಾಂಕರುಗಳಿಗಿಂತ ಹಸುವಿನ ಹೊಟ್ಟೆಯ ಲೆಕ್ಕವೇ ದೊಡ್ಡದು. ಮೆಲುಕು ಹಾಕುವ ಪ್ರಾಣಿಗಳು ತೇಗಿನ ಮೂಲಕ ಮೀಥೇನ್ ಬಿಡುತ್ತವೆ. ಭಾರತ ಉಪಖಂಡದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 58 ಕೆ.ಜಿ. ಎಂದು ಐಪಿಸಿಸಿ 2006ರಲ್ಲಿ ಅಂದಾಜಿಸಿತ್ತು. ಮೀಥೇನಿಗೆ ಸುಮಾರು 27 ಪಟ್ಟು ಎಂದರೆ ಹಸುವೊಂದಕ್ಕೆ ವರ್ಷಕ್ಕೆ ಒಂದೂವರೆ ಟನ್ನಿಗಿಂತ ಹೆಚ್ಚು.

ಈಗ ಲೀಟರಿಗೆ ಭಾಗಿಸಿ. ವರ್ಷಕ್ಕೆ 3,000 ಲೀಟರ್ ಕೊಡುವ ಹಸುವಿನ ಹಾಲಿಗೆ ಲೀಟರಿಗೆ ಅರ್ಧ ಕೆ.ಜಿ.; 1,000 ಲೀಟರ್ ಕೊಡುವ ಹಸುವಿನದಕ್ಕೆ ಒಂದೂವರೆ ಕೆ.ಜಿ. ದೊಡ್ಡ ಹಸು ಹೆಚ್ಚು ತಿಂದು ಮೀಥೇನೂ ಹೆಚ್ಚು ಬಿಡುತ್ತದೆ ಎಂದು ತಿದ್ದಿಕೊಂಡರೂ ಅಂತರ ಉಳಿಯುತ್ತದೆ. ಹಿಂಡಿ ಕೊಂಡು ಸಾಕುವ ದೊಡ್ಡ ಕೊಟ್ಟಿಗೆಗೆ ಒಳ್ಳೆಯ ಅಂಕ. ಕಬ್ಬಿನ ಸೋಗೆ, ರಾಗಿ ಹುಲ್ಲು ತಿಂದು ಬದುಕುವ ವಿಧವೆಯೊಬ್ಬರ ಒಂದೇ ಹಸುವಿಗೆ ಕೆಟ್ಟ ಅಂಕ. ಆ ಹಸುವಿನ ಸಗಣಿ ಗದ್ದೆಗೆ ಬಿದ್ದು ಒಂದು ಚೀಲ ಯೂರಿಯಾ ಉಳಿಸಿದ್ದು ಹಾಲಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅಳತೆಗೋಲು ಸುಳ್ಳು ಹೇಳುತ್ತದೆ ಎಂದಲ್ಲ, ಅದು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಪ್ರಶ್ನೆ ಕೇಳುವವರು ಯಾರು ಎಂಬುದು ಮುಖ್ಯ.

ಕಾಯಿದೆ ಎಲ್ಲಿಯವರೆಗೆ ಬಂದಿದೆ?

ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ ಹೊಸ ವರದಿಯ ನಮೂನೆ ತಂದು, 2022-23ರಿಂದ ದೇಶದ ಮೊದಲ 1,000 ಪಟ್ಟಿಯಾದ ಕಂಪೆನಿಗಳಿಗೆ ಅದನ್ನು ಕಡ್ಡಾಯ ಮಾಡಿತು. ಇದರಲ್ಲಿ ಮೊದಲ ಎರಡು ಖಾನೆಗಳು ಬರುತ್ತವೆ. ಸರಪಳಿಯ ಪಾಲುದಾರರ ಬಗ್ಗೆಯೂ ಮೊದಲ 250 ಕಂಪೆನಿಗಳು ವರದಿ ಮಾಡಬೇಕೆಂದು 2023ರಲ್ಲಿ ಹೇಳಿದ್ದರೂ, ಉದ್ಯಮಗಳ ಕೋರಿಕೆಯ ಮೇರೆಗೆ ಅದನ್ನು ಒಂದು ವರ್ಷ ಮುಂದೂಡಿ ಐಚ್ಛಿಕಗೊಳಿಸಲಾಯಿತು. ಕಂಪೆನಿಯ ಕೊಳ್ಳುವಿಕೆ ಅಥವಾ ಮಾರಾಟದಲ್ಲಿ ಶೇ. 2 ಅಥವಾ ಹೆಚ್ಚು ಪಾಲು ಇರುವವರನ್ನು ಮಾತ್ರ ಪಾಲುದಾರರೆಂದು ಗಣಿಸಿದರೆ ಸಾಕು ಎಂದೂ ಆಯಿತು.

ನಿಡಘಟ್ಟದ ಒಂದು ಎಕರೆಯ ರೈತ ಯಾವ ಕಂಪೆನಿಗೂ ಶೇ. 2 ಆಗುವುದಿಲ್ಲ. ಫಾರ್ಮು ತುಂಬುವ ಕಷ್ಟ ಅವರಿಗೆ ತಪ್ಪಿತು, ಸಂತೋಷ. ಆದರೆ ಅಂತಹ ಸಾವಿರಾರು ಎಕರೆಗಳು ಕೂಡಿದಾಗ ಆಗುವ ಭಾರವೂ ಲೆಕ್ಕದಿಂದ ತಪ್ಪಿಹೋಯಿತು. ಜೊತೆಗೆ, ತರಗನ್ನು ಸುಡದೆ ಮಣ್ಣಿಗೆ ಹೊದಿಸಿದ ರೈತರ ಶ್ರಮವೂ ಯಾರ ಪುಸ್ತಕದಲ್ಲೂ ಸೇರಲಿಲ್ಲ.

ಯುರೋಪ್ ಒಕ್ಕೂಟ ಇನ್ನೂ ಮುಂದೆ ಹೋಗಿದೆ. ಕಬ್ಬಿಣ-ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ರಸಗೊಬ್ಬರ ಮುಂತಾದವನ್ನು ಅಲ್ಲಿಗೆ ಆಮದು ಮಾಡಿಕೊಳ್ಳುವವರು 2023ರ ಅಕ್ಟೋಬರಿನಿಂದ ಹೊಗೆಯ ವಿವರ ಕೊಡಬೇಕಾಗಿತ್ತು. 2026ರ ಜನವರಿಯಿಂದ ಅದಕ್ಕೆ ಬೆಲೆ ತೆರುವ ಹಂತ ಆರಂಭವಾಗಿದೆ. ಸಕ್ಕರೆ, ಬೆಲ್ಲ ಆ ಪಟ್ಟಿಯಲ್ಲಿಲ್ಲ. ಆದರೆ ಹೊಗೆಯ ಅಂಕಿಗೆ ಹಣದ ಬೆಲೆ ಬಂದ ಮೇಲೆ ಕೊಳ್ಳುವವರು ಕೆಳಗಿನವರನ್ನು ಕೇಳದೆ ಇರಲಾರರು. ಆಗ ವಿವರ ಬರೆಯುವ ಖರ್ಚು ಯಾರದು? ನಮ್ಮ ಅಭಿಪ್ರಾಯದಲ್ಲಿ ಅದು ಕೇಳುವವರದೇ ಆಗಬೇಕು. ಕಬ್ಬಿನ ತೂಕದ ಬಗ್ಗೆಯೇ ರೈತರಿಗೆ ಹಳೆಯ ಅನುಮಾನಗಳಿರುವಾಗ, ಕಾರ್ಖಾನೆಯ ಫೀಲ್ಡ್‌ಮನ್ ತಂದ ಇನ್ನೊಂದು ಕಾಗದಕ್ಕೆ ಅವರು ಸುಮ್ಮನೆ ಸಹಿ ಹಾಕಬೇಕೆಂದು ನಿರೀಕ್ಷಿಸುವಂತಿಲ್ಲ. ಬೇಕಾಗುವ ವಿವರಗಳಾದರೂ ಬಹಳವಿಲ್ಲ: ಎಷ್ಟು ಚೀಲ ಗೊಬ್ಬರ, ತರಗು ಸುಟ್ಟರೋ ಬಿಟ್ಟರೋ, ಪಂಪು ಎಷ್ಟು ಗಂಟೆ, ಕಬ್ಬು ಎಷ್ಟು ಟನ್. ಅವರದೇ ಭಾಷೆಯಲ್ಲಿ ಒಂದು ಪುಟ, ಅದರ ಒಂದು ಪ್ರತಿ ಅವರ ಕೈಯಲ್ಲಿ.

ನಮ್ಮ ಧರ್ಮಕೇಂದ್ರಗಳ ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಲ್ಲಿ ಲೆಕ್ಕ ಬರೆಯುವವರು ಇದನ್ನು ಪ್ರಯತ್ನಿಸಿ ನೋಡಬಹುದು. ಮೊದಲ ಖಾನೆಗೆ ಜನರೇಟರ್ ಮತ್ತು ಬಸ್ಸಿನ ಡೀಸೆಲ್ ಲೀಟರಿಗೆ 2.68 ಕೆ.ಜಿ., 14.2 ಕೆ.ಜಿ.ಯ ಅಡುಗೆ ಅನಿಲದ ಸಿಲಿಂಡರಿಗೆ ಸುಮಾರು 42 ಕೆ.ಜಿ. ಎರಡನೆಯ ಖಾನೆಗೆ ಮೆಸ್ಕಾಂ ಬಿಲ್ಲಿನ ಯೂನಿಟ್ಟಿಗೆ 0.7. ಮೂರನೆಯದರಲ್ಲಿ ಅಕ್ಕಿ, ಹಾಲು, ಸಕ್ಕರೆ, ಬೆಲ್ಲ. ನೀರು ನಿಂತ ಗದ್ದೆಯಿಂದಲೂ ಮೀಥೇನ್ ಬರುವುದರಿಂದ ಹಾಸ್ಟೆಲಿನ ಅಕ್ಕಿಯ ಸಾಲು ದೊಡ್ಡದಾಗಿಯೇ ಬರಲಿದೆ. ಈ ಸಾಲುಗಳಲ್ಲಿ ರೂಪಾಯಿ ಬೇಡ, ಕಿಲೋ ಬರೆಯಿರಿ. ಪಕ್ಕದಲ್ಲಿ ಯಾವ ಊರಿನ ಮಾಲು ಎಂದು ಅಂಗಡಿಯವರನ್ನು ಕೇಳಿ ಬರೆಯಿರಿ. ಕೆಲವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲ ಎಂದರೆ ಆ ಜಾಗ ಖಾಲಿ ಬಿಡಿ, ಮುಂದಿನ ತಿಂಗಳು ಮತ್ತೆ ಕೇಳಿ.